ಹಳದಿ, ಬಿಳಿ, ಕೆಂಪು

ನಿಜ್ವಾದ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ನನ್ನ ಕೆಲಸ
ಕೊಳವೆಯ ರಕ್ತವನ್ನು ಗಿರಗಿರ ತಿರುಗಿಸುವುದು.
ಯಂತ್ರ ನಿಂತಾಗ ಮೂರು ಪದರ:
ಮೇಲೆ ಹಳದಿ, ನಡುವೆ ಕೂದಲೆಳೆಯಷ್ಟು ಬಿಳಿ,
ತಳದಲ್ಲಿ ಕೆಂಪು.

ಜನವರಿಯಲ್ಲಿ ಐದು ದಿನ ರಜೆ ಹಾಕಿ ಬೆಟ್ಟಕ್ಕೆ ಬಂದರೆ
ಅಲ್ಲಿಯೂ ಅದೇ.
ನಡೆಯುವವರು ದಾರಿ ತಪ್ಪದಿರಲೆಂದು
ಯಾರೋ ಬಂಡೆ ಬಂಡೆಗೆ ಬಳಿದ ಪಟ್ಟೆ,
ಹಳದಿ, ಬಿಳಿ, ಕೆಂಪು.
ಒಬ್ಬಳೇ ನಕ್ಕೆ.

ಬೆನ್ನಿಗೆ ಹದಿಮೂರು ಕಿಲೋ, ಅದರಲ್ಲಿ ಐದು ಬರೀ ನೀರು.
ಗದಗಿನ ಅತ್ತಿಗೆ ಕಳಿಸಿದ ಕಟಕ ರೊಟ್ಟಿ
ಮೊದಲ ಏರಿಗೇ ಪುಡಿಪುಡಿ.
ಶೇಂಗಾ ಚಟ್ನಿ ಉದುರಿಸಿ ಚಮಚದಲ್ಲಿ ತಿಂದೆ.
ಮರಳುನಾಡು ಅಂತಾರೆ ನಮ್ಮ ಕಡೆ;
ಜುನಿಪರ್ ಮರದಡಿ ಮಲಗಿ ಎದ್ದಾಗ
ಬಾಟಲಿಯೊಳಗೆ ಗಾಜಿನಂಥ ಕೆನೆ ಕಟ್ಟಿತ್ತು.

ಎರಡನೆಯ ದಿನ ಲುಡ್ಮಿಲಾ.
ಅರವತ್ತೇಳು ವರ್ಷ, ಎರಡೂ ಮೊಣಕಾಲಿಗೆ ಪಟ್ಟಿ.
ಸಾವಿರ ಅಡಿ ಕಣಿವೆಯ ಅಂಚಿಗೆ ಕಾಲು ಚಾಚಿ
ಉಗುರು ಕತ್ತರಿಸಿಕೊಳ್ಳುತ್ತಿದ್ದಳು, ಅಂಗಳದಲ್ಲಿ ಕೂತವಳ ಹಾಗೆ.
ನನ್ನ ಬೂಟು ನೋಡಿ ತಲೆಯಾಡಿಸಿದಳು.
ಮಾತಿಲ್ಲ. ಮಂಡಿಯೂರಿ ಲಾಡಿ ಬಿಚ್ಚಿ ಮತ್ತೆ ಕಟ್ಟಿದಳು:
ಏರಿಗೊಂದು ಗಂಟು, ಇಳಿಜಾರಿಗೆ ಬೇರೆ.

ಮೆಟ್ಟಿಲುಗದ್ದೆಯ ಕಾಲುವೆ ಕಟ್ಟುತ್ತಿದ್ದ ಮೊಫಿಜುಲ್,
ಸಿಲ್ಹೆಟ್ಟಿನವ, ಒಂಬತ್ತು ವರ್ಷದಿಂದ ಇದೇ ದಾಳಿಂಬೆ ತೋಟ.
ಅವನ ಹಿಂದಿ, ನನ್ನ ಹಿಂದಿ, ಎರಡೂ ಕುಂಟು.
‘ಹೀಗೆ ಹೊತ್ತು ನಡೆದರೆ ಎಷ್ಟು ಕೊಡುತ್ತಾರೆ?’
‘ಏನೂ ಇಲ್ಲ.’
ನಂಬಲಿಲ್ಲ. ಕೆಳಗಿನ ಗದ್ದೆಯ ಗೆಳೆಯನನ್ನು ಕೂಗಿ ಕರೆದ.
ಇನ್ನೊಮ್ಮೆ ಹೇಳಿಸಿದ.
ಇಬ್ಬರೂ ನಗುತ್ತಾ ನನ್ನ ಚೀಲ ಎತ್ತಿ ತೂಗಿದರು,
ಗೊಬ್ಬರದ ಮೂಟೆಗಿಂತ ಹಗುರವಂತೆ.

ನಾಲ್ಕನೆಯ ದಿನದ ಹಳ್ಳಿಯಲ್ಲಿ ಹನ್ನೊಂದು ಮನೆ, ಬೀಗ ಇಲ್ಲದ್ದು ಮೂರು.
ಝಹ್ರಾನ್ ಬಿನ್ ಮಸೂದ್ ಕತ್ತೆಗೆ ಹುಲ್ಲು ಹಾಕಿ
ಚಾಪೆ ಬಿಡಿಸಿದ. ಖರ್ಜೂರ, ಏಲಕ್ಕಿ ಹಾಕಿದ ಕಹ್ವಾ.
ಸಾಕೆನ್ನಲು ಬಟ್ಟಲು ಅಲ್ಲಾಡಿಸಬೇಕೆಂದು ಮರೆತು
ಏಳು ಬಟ್ಟಲು ಕುಡಿದೆ.
ಮೊಮ್ಮಗಳು ಕಿತ್ತಳೆ ತಂದಳು.
‘ಥುರೈಯಾ,’ ಎಂದ, ‘ಹಮೂದನ ಮಗಳು.’

ಗೊತ್ತು.
ಮೂರನೆಯ ಸೋಮವಾರ, ಅಂಟುಚೀಟಿಯ ಮೇಲೆ ಇದೇ ಹೆಸರು.
ಕುಡುಗೋಲಿನಂತೆ ಬಾಗಿದ ಕಣಗಳು. ಕಳೆದ ತಿಂಗಳು
ಆರು ಪಾಯಿಂಟ್ ಎಂಟು.
ಮುಖ ಇರುತ್ತದೆಂದು ಯೋಚಿಸಿರಲಿಲ್ಲ.
ಮುಂದಿನ ಹಲ್ಲೆರಡು ಬಿದ್ದಿದ್ದವು.

‘ನಿನ್ನ ಕೆಲಸ?’ ಮುದುಕ ಕೇಳಿದ.
‘ಆಸ್ಪತ್ರೆಯಲ್ಲಿ,’ ಎಂದೆ. ಅಷ್ಟೇ.

ಹೊರಡುವಾಗ ಹುಡುಗಿ ಚೀಲಕ್ಕೆ ಕೈ ಹಾಕಿದಳು.
ತಾನು ಹೊರುತ್ತಾಳಂತೆ, ಮುಂದಿನ ಗುರುತಿನವರೆಗೆ.
ಮುದುಕ ಬೇಡವೆನ್ನಲಿಲ್ಲ. ಬೇರೆ ಕಡೆ ನೋಡಿದ.
ನಾನು ಬಾಟಲಿಗಳ ಮುಚ್ಚಳ ತಿರುಗಿಸಿದೆ.
ಐದೂ ಲೀಟರ್
ಅವನ ನಿಂಬೆ ಗಿಡದ ಬುಡಕ್ಕೆ ಸುರಿದೆ.
ಡೇರೆ, ಹೊದಿಕೆ, ಒಲೆ, ಒಂದೊಂದಾಗಿ ನನ್ನ ಕೈಗೆ.
ಉಳಿದದ್ದು ಚೀಲ, ಅದರೊಳಗೆ ರೊಟ್ಟಿಯ ಪುಡಿ.

ಅವಳು ಮುಂದೆ. ನಾನು ಹಿಂದೆ, ಸಂತೆಯಿಂದ ಬಂದವಳ ಹಾಗೆ
ಕಂಕುಳ ತುಂಬ ಸಾಮಾನು.
ಬಂಡೆ ಮುಟ್ಟಿ ಕೂತಳು.
ಅವಳ ಉಸಿರು ಎಣಿಸಿದೆ, ಬಿಡಲಾಗದ ಚಾಳಿ.
ಕೆಳಗೆ ಚಾಪೆಯ ಮೇಲೆ ಮುದುಕನ ಬೆರಳುಗಳೂ ಆಡುತ್ತಿದ್ದವು;
ಜಪಮಣಿ ಪಕ್ಕದಲ್ಲೇ ಬಿದ್ದಿತ್ತು.

ನೀರನ್ನು ಫಲಜಿನಲ್ಲಿ ಮತ್ತೆ ತುಂಬಿಕೊಂಡೆ.
ಐದನೆಯ ದಿನ ಬರೀ ಇಳಿಜಾರು.
ಲುಡ್ಮಿಲಾಳ ಗಂಟು ಸಡಿಲಾಗಲಿಲ್ಲ.

ಸೋಮವಾರ ಕೊಳವೆ ಬಂತು, ತಿರುಗಿತು, ನಿಂತಿತು.
ನಮ್ಮ ಫಾರಮಿನಲ್ಲಿ ‘ಷರಾ’ ಅಂತ ಒಂದು ಅಂಕಣ ಇದೆ.
ಬಂಡೆಯವರೆಗೆ ತಾನೇ ಹೊತ್ತಳು ಎಂದು
ಅಲ್ಲಿ ಬರೆಯುವಂತಿಲ್ಲ.